ಹೈಪೋಜಿಯಂ ಟಿಕೆಟ್ ಬಾಗಿಲಲ್ಲಿ ಸಿಗುವುದಿಲ್ಲ

ಪ್ರಶ್ನೆ: ಸೆಪ್ಟೆಂಬರಿನಲ್ಲಿ ನಾವು ಮೂವರು ಮಾಲ್ಟಾದ ವಲೆಟ್ಟಾಕ್ಕೆ ಹೊರಟಿದ್ದೇವೆ. ಪಕ್ಕದಲ್ಲಿ ನೆಲದಡಿಯಲ್ಲಿರುವ ಪುರಾತನ ಶ್ಮಶಾನ ಹೈಪೋಜಿಯಂ ನೋಡುವ ಆಸೆ. ಟಿಕೆಟ್ ಅಲ್ಲಿಗೇ ಹೋಗಿ ತೆಗೆದುಕೊಂಡರೆ ಆಗದೆ? ಅಲ್ಲಿನ ಒಂದು ಕೋಣೆಯಲ್ಲಿ ಓಂಕಾರ ಹೇಳಿದರೆ ರಕ್ತದೊತ್ತಡ ಇಳಿಯುತ್ತದಂತೆ, ನಿಜವೆ? ಮಗಳಿಗೆ ಐದು ವರ್ಷ.

ಉತ್ತರ: ಆಗದು. ಎಷ್ಟು ಸಲ ಬರೆದರೂ ಪ್ರತಿ ತಿಂಗಳೂ ಇದೇ ಪ್ರಶ್ನೆ ಬರುತ್ತದೆ. ಒಂದು ತಂಡಕ್ಕೆ ಹತ್ತೇ ಜನ, ದಿನಕ್ಕೆ ಸುಮಾರು 80 ಜನ, ಅಷ್ಟೇ. ಅದನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಹೆರಿಟೇಜ್ ಮಾಲ್ಟಾದ ಜಾಲತಾಣದಲ್ಲಿ ತಿಂಗಳುಗಟ್ಟಲೆ ಮೊದಲೇ ಕಾಯ್ದಿರಿಸಿ, ಆಮೇಲೆ ವಿಮಾನದ ಟಿಕೆಟ್ ಮಾಡಿ. ಕೊನೆಗಳಿಗೆಯ ಟಿಕೆಟ್ ಕೆಲವೇ ಇರುತ್ತವೆ, ಬೆಲೆಯೂ ಹೆಚ್ಚು. ಅದನ್ನೇ ನೆಚ್ಚಿಕೊಂಡು ಹೋದವರು ಅಳುಮೋರೆ ಮಾಡಿಕೊಂಡು ವಾಪಸಾಗಿದ್ದನ್ನು ಕಂಡಿದ್ದೇನೆ. 'ವಿಶೇಷ ಪಾಸ್ ಕೊಡಿಸುತ್ತೇವೆ' ಎನ್ನುವ ಏಜೆಂಟರಿಗೆ ಒಂದು ಪೈಸೆಯನ್ನೂ ಕೊಡಬೇಡಿ.

ಇಷ್ಟು ಬಿಗಿ ಏಕೆ? ಅದು ಪಾವ್ಲಾ ಊರಿನ ಮನೆಗಳ ಅಡಿಯಲ್ಲಿರುವ ಶ್ಮಶಾನ. ಲೋಹ ಕಾಣದ ಜನ ಕಲ್ಲು, ಕೊಂಬುಗಳಿಂದಲೇ ಬಂಡೆಯನ್ನು ಮೂರು ಅಂತಸ್ತು ಕೊರೆದರು. ಬಳಕೆಯಲ್ಲಿದ್ದದ್ದು ಕ್ರಿ.ಪೂ. 4000ದಿಂದ 2500ರವರೆಗೆ. ಸುಮಾರು 7000 ಜನರ ಮೂಳೆಗಳು ಅಲ್ಲಿದ್ದವೆಂದು ಅಂದಾಜು. 1902ರಲ್ಲಿ ಮನೆ ಕಟ್ಟುವವರು ನೀರಿನ ತೊಟ್ಟಿ ಅಗೆಯುವಾಗ ಚಾವಣಿ ಒಡೆದು ಬೆಳಕಿಗೆ ಬಂತು. ಒಳಗಿನ ಚಾವಣಿಯಲ್ಲಿ ಕೆಮ್ಮಣ್ಣಿನ ಸುರುಳಿಗಳಿವೆ, ಬಳ್ಳಿಯಂತೆ ಒಂದರಿಂದೊಂದು ಹೊರಟು ಹರಡಿವೆ. ನಮ್ಮ ಉಸಿರಿನ ತೇವ, ಇಂಗಾಲದ ಡೈಆಕ್ಸೈಡ್, ದೀಪದ ಬೆಳಕು, ಮೂರೂ ಅವಕ್ಕೆ ವಿಷ. ಪಾಚಿ ಕಟ್ಟುತ್ತದೆ, ಬಣ್ಣ ಉದುರುತ್ತದೆ. ಅದಕ್ಕೇ ಒಳಗೆ ಫೋಟೊ ಇಲ್ಲ. ನಾನು ಹೋದಾಗ ಮುಂದಿದ್ದವರೊಬ್ಬರು ಗೋಡೆ ಸವರಲು ಕೈ ಚಾಚಿದರು, ಗೈಡ್ ಗದರಿದರು. ಸರಿಯಾಗಿಯೇ ಮಾಡಿದರು.

ಆರು ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ. ಮಗಳ ಜೊತೆ ಒಬ್ಬರು ಹೊರಗಿರಬೇಕು. ಬಾಗಿಲಲ್ಲಿ ವಾದಕ್ಕಿಳಿಯಬೇಡಿ.

ಇನ್ನು ಓಂಕಾರ. 'ಆರಾಕಲ್ ಕೋಣೆ'ಯಲ್ಲಿ ಗಂಡಸಿನ ತಗ್ಗಿದ ದನಿ ಗುಂಯ್‌ಗುಟ್ಟುತ್ತದೆ, ನಿಜ. ಕೊಡದೊಳಗೆ ಬಾಯಿಟ್ಟು ಕೂಗಿದರೂ ಗುಂಯ್‌ಗುಟ್ಟುತ್ತದೆ. ಕಾಯಿಲೆ ವಾಸಿಯಾಗುತ್ತದೆ ಎನ್ನುವುದು ನಾದಚಿಕಿತ್ಸೆ ಮಾರುವವರು ಕಟ್ಟಿದ ಸುಳ್ಳು. ಬಿಪಿ ಮಾತ್ರೆಯನ್ನು ಬ್ಯಾಗಿನಲ್ಲಿಟ್ಟುಕೊಂಡೇ ಹೊರಡಿ, ಒಂದು ದಿನವೂ ತಪ್ಪಿಸಬೇಡಿ.

ಪ್ರಶ್ನೆ: ಮಾಲ್ಟಾ ಹಿಂದೆ ಬ್ರಿಟಿಷರದ್ದಲ್ಲವೆ? ನನ್ನ ಬ್ರಿಟನ್ ವೀಸಾ ನಡೆಯುತ್ತದೆಯೆ?

ಉತ್ತರ: ಇಲ್ಲ. 1964ರಲ್ಲೇ ಅದು ಸ್ವತಂತ್ರವಾಯಿತು. ಯೂರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ವೀಸಾ ಬೇಕು.

ಪ್ರಶ್ನೆ: ಗೋಜೋ ದ್ವೀಪದ ಅಜುರ್ ವಿಂಡೋ ಎಂಬ ಕಲ್ಲಿನ ಕಮಾನು ನೋಡಲು ಬೆಳಿಗ್ಗೆ ಒಳ್ಳೆಯದೊ, ಸಂಜೆಯೊ?

ಉತ್ತರ: 2017ರ ಮಾರ್ಚ್ 8ರಂದು ಅದು ಸಮುದ್ರಕ್ಕೆ ಕುಸಿಯಿತು.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಪಾಸ್ಟಿಝಿ ಎಂಬ ಅಲ್ಲಿನ ಪಫ್ ತಿಂಡಿ ತಿನ್ನಬಹುದೆ?

ಉತ್ತರ: ಬಟಾಣಿಯದ್ದೋ ರಿಕೋಟಾ ಗಿಣ್ಣಿನದ್ದೋ ಕೇಳಿ. ಹಿಟ್ಟಿಗೆ ಹಂದಿಕೊಬ್ಬು ಹಾಕಿದ್ದಾರೆಯೆ ಎಂದೂ ಕೇಳಿ. ನಾನು ಕೇಳದೆ ಬಾಯಿಗಿಡುವುದಿಲ್ಲ.

ಪ್ರಶ್ನೆ: ವಲೆಟ್ಟಾದ ದೊಡ್ಡ ಚರ್ಚು ಸೇಂಟ್ ಜಾನ್ ಕೋ-ಕೆಥೆಡ್ರಲ್‌ನಲ್ಲಿ ಹೆಂಡತಿಯ ಹೈಹೀಲ್ಸ್‌ಗೆ ತಡೆದರು. ಇದೆಂಥ ದಬ್ಬಾಳಿಕೆ?

ಉತ್ತರ: ದಬ್ಬಾಳಿಕೆಯಲ್ಲ. ಆ ನೆಲದ ತುಂಬ ಹಿಂದೆ ಮಾಲ್ಟಾವನ್ನು ಆಳಿದ ಕ್ರೈಸ್ತ ಯೋಧರಾದ ನೈಟ್‌ಗಳ ಸಮಾಧಿಗಳು, ಬಣ್ಣಬಣ್ಣದ ಅಮೃತಶಿಲೆಯನ್ನು ಕೊರೆದು ಕೂಡಿಸಿದವು. ಚೂಪು ಹಿಮ್ಮಡಿ ಊರಿದಲ್ಲೆಲ್ಲ ಕಲ್ಲು ಚಕ್ಕೆ ಏಳುತ್ತದೆ. ಚಪ್ಪಟೆ ಚಪ್ಪಲಿ ಹಾಕಿಕೊಂಡು ಮತ್ತೆ ಹೋಗಿ, ಪಕ್ಕದ ಓರೇಟರಿ ಎಂಬ ಪ್ರಾರ್ಥನಾಮಂದಿರದಲ್ಲಿ ಇಟಲಿಯ ಚಿತ್ರಕಾರ ಕಾರವಾಜ್ಜೊ 1608ರಲ್ಲಿ ಬರೆದ ಸ್ನಾನಿಕ ಯೋಹಾನನ ಶಿರಚ್ಛೇದದ ಚಿತ್ರದ ಎದುರು ಕಾಲು ಗಂಟೆ ನಿಲ್ಲಿ. ಕತ್ತಿನಿಂದ ಹರಿದ ನೆತ್ತರನ್ನೇ ನೋಡಿ. ಅವನು ಸಹಿ ಹಾಕಿದ ಒಂದೇ ಚಿತ್ರ ಅದು, ಸಹಿ ಆ ನೆತ್ತರಿನಲ್ಲಿದೆ.