ಮಳೆಗಾಲದ ಸಕ್ಕರೆ ಪಾಕಕ್ಕೆ ಖನಿಜ ಪುಡಿ ಬೆರೆಸಿದರೆ ತುಡುವೆ ಜೇನಿಗೆ ಲಾಭವಿದೆಯೇ?

ಶಿರಸಿಯ ಕಡೆ ಅಡಿಕೆ ತೋಟದಲ್ಲಿ ಹದಿನಾರು ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಜೇನು) ಪೆಟ್ಟಿಗೆಗಳನ್ನು ಇಟ್ಟಿರುವ ನೀವು ಕೇಳಿರುವುದು ಇಷ್ಟು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡುವ ಸಕ್ಕರೆ ಪಾಕಕ್ಕೆ ಅಂಗಡಿಯಲ್ಲಿ ಜೇನಿಗೆಂದೇ ಮಾರುವ ಖನಿಜ ಪುಡಿಯನ್ನು ಬೆರೆಸಿದರೆ ಕುಟುಂಬಗಳು ಬಲವಾಗುತ್ತವೆಯೇ, ರೋಗ ಕಡಿಮೆಯಾಗುತ್ತದೆಯೇ, ಮತ್ತು ಆ ಪುಡಿ ದುಬಾರಿಯಾದ್ದರಿಂದ ಅದರ ಬದಲು ಕೊಟ್ಟಿಗೆಯಲ್ಲಿರುವ ಹಸುವಿನ ಖನಿಜ ಮಿಶ್ರಣವನ್ನೇ ಚಿಟಿಕೆಯಷ್ಟು ಹಾಕಬಹುದೇ? ಹಸುವಿನ ಮಿಶ್ರಣವನ್ನು ಖಂಡಿತ ಹಾಕಬೇಡಿ. ಅಂಗಡಿಯ ಪುಡಿಯನ್ನೂ ಪಾಕದಲ್ಲಿ ಬೆರೆಸುವುದು ಬೇಡವೆಂಬುದೇ ನನ್ನ ಅಭಿಪ್ರಾಯ. ಇಪ್ಪತ್ತು ವರ್ಷಗಳಿಂದ ಮಲೆನಾಡಿನಲ್ಲಿ ತುಡುವೆ ಸಾಕುತ್ತ, ಈ ವಿಷಯದ ಸಂಶೋಧನೆಗಳನ್ನು ಕೈಗೆ ಸಿಕ್ಕಷ್ಟು ಓದುತ್ತ ಬಂದಿರುವವನಾಗಿ, ಹೀಗೆ ಹೇಳುವುದಕ್ಕೆ ಇರುವ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಜೇನ್ನೊಣಕ್ಕೆ ಖನಿಜ ಬೇಕು ಎಂಬುದರಲ್ಲಿ ಸಂಶಯವಿಲ್ಲ. ಪ್ರಶ್ನೆಯಿರುವುದು ಅದು ಎಲ್ಲಿಂದ, ಎಷ್ಟು ಬರುತ್ತದೆ ಎಂಬುದರಲ್ಲಿ. ಮಕರಂದದಲ್ಲಿ ಇರುವುದು ಮುಖ್ಯವಾಗಿ ಸಕ್ಕರೆ. ಜೇನುತುಪ್ಪದಲ್ಲಿ ಖನಿಜಾಂಶ ಸಾಮಾನ್ಯವಾಗಿ ಶೇ 1ಕ್ಕಿಂತ ಕಡಿಮೆ, ತಿಳಿಬಣ್ಣದ ತುಪ್ಪದಲ್ಲಂತೂ ಅದರ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ ಇರುವುದುಂಟು. ಪೊಟ್ಯಾಸಿಯಂ, ರಂಜಕ, ಮೆಗ್ನೀಸಿಯಂ, ಸತು, ತಾಮ್ರ, ಕಬ್ಬಿಣ ಇವೆಲ್ಲ ಕುಟುಂಬಕ್ಕೆ ಬರುವುದು ಪರಾಗದ ಮೂಲಕ. ಆ ಪರಾಗವನ್ನು ತಿನ್ನುವವರು ಮುಖ್ಯವಾಗಿ ಎಳೆಯ ವಯಸ್ಸಿನ ದಾದಿ ನೊಣಗಳು; ಅವು ತಿಂದದ್ದನ್ನು ತಲೆಯ ಗ್ರಂಥಿಗಳಲ್ಲಿ ರಸವಾಗಿಸಿ ಮರಿಹುಳುಗಳಿಗೂ ರಾಣಿಗೂ ಉಣಿಸುತ್ತವೆ. ದಾದಿ ನೊಣಗಳು ಉಣಿಸುವ ಈ ರಸವನ್ನೇ ರಾಜಶಾಹಿ ರಸ (ರಾಯಲ್ ಜೆಲ್ಲಿ) ಎನ್ನುತ್ತಾರೆ. ಬೇರೆ ಬೇರೆ ಪ್ರದೇಶಗಳಿಂದ ತಂದ ಆ ರಸವನ್ನು 2005ರಲ್ಲಿ ಪರೀಕ್ಷಿಸಿದಾಗ, ಸುತ್ತಲಿನ ಮಣ್ಣು, ಹೂ ಬೇರೆಯಾದರೂ ರಸದೊಳಗಿನ ಖನಿಜಗಳ ಪ್ರಮಾಣ ಬಹುಮಟ್ಟಿಗೆ ಒಂದೇ ಆಗಿತ್ತು. ಅಂದರೆ ತನಗೆ ಸಿಕ್ಕಿದ್ದನ್ನು ಸೋಸಿ, ಮರಿಗೆ ಬೇಕಾದಷ್ಟನ್ನೇ ದಾಟಿಸುವ ಕೆಲಸವನ್ನು ದಾದಿ ನೊಣ ತನ್ನ ದೇಹದಲ್ಲಿಯೇ ಮಾಡುತ್ತದೆ. ಈ ಒಂದು ಸಂಗತಿಯನ್ನು ತಿಳಿದ ಮೇಲೆ, ಪಾಕಕ್ಕೆ ಪುಡಿ ಸುರಿದರೆ ಮರಿಗಳು ನೇರವಾಗಿ ಪುಷ್ಟವಾಗುತ್ತವೆ ಎಂಬ ನಂಬಿಕೆ ನನ್ನಲ್ಲಿ ಉಳಿಯಲಿಲ್ಲ.

ಪ್ರಮಾಣದ ಬಗ್ಗೆ ಇಂದಿಗೂ ಎಲ್ಲರೂ ಆಧರಿಸುವುದು ಅಮೆರಿಕದ ಬೆಲ್ಟ್ಸ್‌ವಿಲ್ ಪ್ರಯೋಗಾಲಯದಲ್ಲಿ ಹರ್ಬರ್ಟ್ ಮತ್ತು ಶಿಮಾನುಕಿ 1978ರಲ್ಲಿ ಪ್ರಕಟಿಸಿದ ಪ್ರಯೋಗವನ್ನು. ಅವರು ಪರಾಗವೇ ಇಲ್ಲದ ಕೃತಕ ಆಹಾರಕ್ಕೆ ಪರಾಗವನ್ನು ಸುಟ್ಟ ಬೂದಿಯನ್ನು ಬೇರೆ ಬೇರೆ ಪ್ರಮಾಣದಲ್ಲಿ ಸೇರಿಸಿ, ಯಾವುದರಲ್ಲಿ ಮರಿ ಹೆಚ್ಚು ಬೆಳೆಯುತ್ತದೆ ಎಂದು ನೋಡಿದರು. ಶೇ 0.5ರಿಂದ 1ರಷ್ಟು ಬೂದಿಯಿದ್ದ ಆಹಾರದಲ್ಲಿ ಮರಿ ಚೆನ್ನಾಗಿ ಬೆಳೆಯಿತು. ಅದಕ್ಕಿಂತ ಹೆಚ್ಚು ಸೇರಿಸಿದ್ದರಿಂದ ಹೆಚ್ಚಿನ ಲಾಭವೇನೂ ಆಗಲಿಲ್ಲ. ಕೃತಕ ಆಹಾರಕ್ಕೆ ಕೈಪಿಡಿಗಳು ಸಾಮಾನ್ಯವಾಗಿ ಸೂಚಿಸುವ ಅಳತೆ ಕಿಲೋಗ್ರಾಂ ಆಹಾರಕ್ಕೆ 1000 ಮಿಲಿಗ್ರಾಂ ಪೊಟ್ಯಾಸಿಯಂ, 500 ಮಿಲಿಗ್ರಾಂ ಕ್ಯಾಲ್ಸಿಯಂ, 300 ಮಿಲಿಗ್ರಾಂ ಮೆಗ್ನೀಸಿಯಂ, ಮತ್ತು ಸೋಡಿಯಂ, ಸತು, ಮ್ಯಾಂಗನೀಸ್, ಕಬ್ಬಿಣ, ತಾಮ್ರ ತಲಾ 50 ಮಿಲಿಗ್ರಾಂ. ಇಲ್ಲಿ ಪೊಟ್ಯಾಸಿಯಂ ಎಲ್ಲಕ್ಕಿಂತ ಮುಂದಿದೆ, ಸೋಡಿಯಂ ತೀರ ಹಿಂದಿದೆ ಎಂಬುದನ್ನು ಗಮನಿಸಿ. ಹೂವಿನ ಪರಾಗವಿರುವುದೂ ಹೀಗೆಯೇ.

ಇದರ ಪಕ್ಕದಲ್ಲಿ ನಿಮ್ಮ ಕೊಟ್ಟಿಗೆಯ ಡಬ್ಬಿಯನ್ನು ಇಟ್ಟು ನೋಡಿ. ಹಸುವಿನ ಖನಿಜ ಮಿಶ್ರಣ ಮೂಳೆಗಾಗಿ, ಹಾಲಿಗಾಗಿ ಮಾಡಿದ್ದು. ಅದರ ತೂಕದಲ್ಲಿ ಐದನೇ ಒಂದು ಭಾಗದಷ್ಟು ಕ್ಯಾಲ್ಸಿಯಂ ಇರುತ್ತದೆ, ಅದರ ನಂತರದ ಪಾಲು ರಂಜಕದ್ದು, ಪೊಟ್ಯಾಸಿಯಂ ಹೇಳಿಕೊಳ್ಳುವಷ್ಟು ಇರುವುದಿಲ್ಲ. ಒಂದು ಲೀಟರ್ ಪಾಕಕ್ಕೆ ಒಂದು ಚಮಚ, ಅಂದರೆ 5 ಗ್ರಾಂ ಹಾಕಿದಿರೆನ್ನಿ. ಆ ಒಂದು ಚಮಚದಲ್ಲಿಯೇ 1000 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಬಂತು. ಮೂಳೆಯಿಲ್ಲದ ಜೀವಿಗೆ ಅಷ್ಟು ಕ್ಯಾಲ್ಸಿಯಂ ಏತಕ್ಕೆ? ಸಮಾಧಾನವೆಂದರೆ ಅದರಲ್ಲಿ ಬಹುಪಾಲು ನೀರಿನಲ್ಲಿ ಕರಗದೆ ಪಾತ್ರೆಯ ತಳದಲ್ಲಿ ಕೂರುತ್ತದೆ. ಆದರೆ ಉಪ್ಪು, ಸತು ಮತ್ತು ತಾಮ್ರದ ಸಲ್ಫೇಟುಗಳಂಥ ಕರಗುವ ಭಾಗಗಳು ಪಾಕದಲ್ಲಿಯೇ ಉಳಿದು ನೊಣದ ಹೊಟ್ಟೆ ಸೇರುತ್ತವೆ. ಬೇಕಾದದ್ದು ತಳದಲ್ಲಿ ಉಳಿಯಿತೋ, ಬೇಡದ್ದು ಮೇಲೆ ಬಂತೋ ಎಂದು ಅಳೆದು ನೋಡುವ ದಾರಿ ನಮ್ಮಂಥವರಿಗೆ ಇಲ್ಲ.

ಹೆಚ್ಚಾದ ಖನಿಜ ಜೇನಿಗೆ ಏನು ಮಾಡುತ್ತದೆ ಎಂಬುದನ್ನು ನಾನು ಕಲಿತದ್ದು ಬೆಲ್ಲದಿಂದ. ಜೇನು ಸಾಕಲು ತೊಡಗಿದ ಮೂರನೆಯ ಮಳೆಗಾಲದಲ್ಲಿ, ಸಕ್ಕರೆಗಿಂತ ಬೆಲ್ಲದಲ್ಲಿ ಕಬ್ಬಿಣ ಮುಂತಾದ ಸತ್ವಗಳು ಹೆಚ್ಚೆಂದು ಯೋಚಿಸಿ, ಆರು ಪೆಟ್ಟಿಗೆಗಳಿಗೆ ಬೆಲ್ಲದ ಪಾಕ ಕೊಟ್ಟಿದ್ದೆ. ವಾರದೊಳಗೆ ಪೆಟ್ಟಿಗೆಯ ಬಾಗಿಲಿನಲ್ಲಿ, ಚೌಕಟ್ಟುಗಳ ಮೇಲೆ ಕಂದು ಕಲೆಗಳು ಕಾಣಿಸಿಕೊಂಡವು. ಹೊಟ್ಟೆಯುಬ್ಬಿದ ನೊಣಗಳು ಹಾರಲಾರದೆ ಅಡಿಹಲಗೆಯ ಮೇಲೆ ತೆವಳುತ್ತಿದ್ದವು. ಮನುಷ್ಯನಿಗೆ ಒಳ್ಳೆಯದೆನಿಸಿದ ಆ ಸತ್ವಗಳೇ ಜೇನಿನ ಕರುಳಿಗೆ ಜೀರ್ಣವಾಗದ ಕಸ. ಜೇನ್ನೊಣ ಆರೋಗ್ಯವಾಗಿದ್ದಾಗ ಗೂಡಿನೊಳಗೆ ಮಲ ವಿಸರ್ಜಿಸುವುದಿಲ್ಲ, ಹೊರಗೆ ಹಾರಿಯೇ ಹಾಕುತ್ತದೆ. ಆಷಾಢದ ಮಳೆಯಲ್ಲಿ ನಾಲ್ಕಾರು ದಿನ ಹೊರಗೆ ಹೋಗಲಾಗದೆ ಇದ್ದಾಗ ಕರುಳಿನಲ್ಲಿ ಕಸ ತುಂಬಿದರೆ ಭೇದಿಯಾಗದೆ ಇರುವುದಿಲ್ಲ. ಯುರೋಪಿನಲ್ಲಿ ಖನಿಜ ಹೆಚ್ಚಿರುವ ಹೇನುಸಿಹಿಯ (ಗಿಡಹೇನುಗಳು ಹೊರಹಾಕುವ ಸಿಹಿದ್ರವದ) ತುಪ್ಪವನ್ನು ತಿಂದು ಚಳಿಗಾಲ ಕಳೆಯುವ ಕುಟುಂಬಗಳಿಗೆ ಭೇದಿ ಬರುವುದು ಇದೇ ಕಾರಣಕ್ಕೆ. ಆ ಆರರಲ್ಲಿ ಎರಡು ಕುಟುಂಬಗಳನ್ನು ನಾನು ಕಳೆದುಕೊಂಡೆ. ಅಂದಿನಿಂದ ಮಳೆಗಾಲದ ಪಾಕವನ್ನು ಬಿಳಿ ಸಕ್ಕರೆಯಿಂದಲೇ ಮಾಡುತ್ತೇನೆ, ಬೆಲ್ಲವನ್ನು ಮುಟ್ಟಿಲ್ಲ.

ಅಂಗಡಿಯ ಪುಡಿಯ ಚೀಟಿಯ ಮೇಲೆ ಸಂಶೋಧನೆಯಿಂದ ಸಾಬೀತಾಗಿದೆ ಎಂದಿರುತ್ತದೆ. ಅದು ಪೂರ್ಣ ಸುಳ್ಳೂ ಅಲ್ಲ. ಸತುವಿನಂಥ ಖನಿಜವನ್ನು ಸರಿಯಾದ ಪ್ರಮಾಣದಲ್ಲಿ ಸೇರಿಸಿದಾಗ ದೇಹರಕ್ಷಣೆಯ ಕಿಣ್ವಗಳು ಚುರುಕಾಗುವುದನ್ನು ತೋರಿಸಿದ ಪ್ರಯೋಗಗಳಿವೆ. ಆದರೆ ಇಂಥ ಪ್ರಯೋಗಗಳಲ್ಲಿ ಹೆಚ್ಚಿನವು ಮೆಲ್ಲಿಫೆರಾ (ಯುರೋಪಿನ ಸಾಕುಜೇನು) ಜೇನಿನ ಮೇಲೆ ನಡೆದವು, ಅನೇಕವು ಪ್ರಯೋಗಾಲಯದ ಸಣ್ಣ ಪಂಜರಗಳಲ್ಲಿ, ಬೇರೆ ಪರಾಗವೇ ಸಿಗದ ಎಳೆಯ ನೊಣಗಳ ಮೇಲೆ ನಡೆದವು. ತೋಟದ ಪೆಟ್ಟಿಗೆಯಲ್ಲಿರುವ, ಹೊರಗೆ ಹೋಗಿ ತನಗೆ ಬೇಕಾದ ಹೂವನ್ನು ಆರಿಸಿಕೊಳ್ಳುವ ಕುಟುಂಬಕ್ಕೆ ಆ ಫಲಿತಾಂಶವನ್ನು ಹಾಗೆಯೇ ಅನ್ವಯಿಸಲಾಗದು. ಇನ್ನೊಂದು ದಿಕ್ಕಿನಲ್ಲಿ ಎಚ್ಚರಿಸುವ ಪ್ರಯೋಗಗಳೂ ಇವೆ: ಮ್ಯಾಂಗನೀಸ್ ಹೆಚ್ಚಾಗಿ ಉಂಡ ನೊಣಗಳು ವಯಸ್ಸಿಗೆ ಮೊದಲೇ ಗೂಡಿನ ಕೆಲಸ ಬಿಟ್ಟು ಮೇವಿಗೆ ಹೊರಟದ್ದು 2015ರಲ್ಲಿ ವರದಿಯಾಗಿದೆ. ಕುಟುಂಬಕ್ಕೆ ಇದರ ಅರ್ಥ, ಮರಿಗಳಿಗೆ ಉಣಿಸಬೇಕಾದ ದಾದಿಯರು ಕಡಿಮೆಯಾಗುವುದು.

ರೋಗದ ಬಗೆಗಿನ ನಿಮ್ಮ ಪ್ರಶ್ನೆಗೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ಪುಡಿ ಮಾರುವವರು ಹೆಚ್ಚು ಹೆದರಿಸುವುದು ಇಲ್ಲಿಯೇ. ತುಡುವೆ ಸಾಕುವವರಿಗೆಲ್ಲ 1991–92ರ ನೆನಪಿದೆ. ಜೇನುಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ವೈರಾಣು ದಕ್ಷಿಣ ಭಾರತಕ್ಕೆ ಬಂದು ಕೊಡಗು, ದಕ್ಷಿಣ ಕನ್ನಡ, ಮಲೆನಾಡಿನ ಪೆಟ್ಟಿಗೆಗಳು ಸಾಲುಸಾಲಾಗಿ ಬರಿದಾದವು. ಅದು ವೈರಾಣುವಿನ ರೋಗ, ಯಾವ ಖನಿಜಕ್ಕೂ ಬಗ್ಗುವಂಥದ್ದಲ್ಲ. ರೋಗ ತಡೆದುಕೊಂಡ ಕುಟುಂಬಗಳಿಂದಲೇ ಪಾಲು ಮಾಡಿ ಹೊಸ ಕುಟುಂಬ ಕಟ್ಟುವುದು, ರೋಗದ ಮರಿಯಿರುವ ಎರಿಗಳನ್ನು (ಮೇಣದ ಹಲ್ಲೆಗಳನ್ನು) ತೆಗೆದು ಸುಡುವುದು, ಒಂದು ಪೆಟ್ಟಿಗೆಯ ಎರಿಯನ್ನು ಇನ್ನೊಂದಕ್ಕೆ ಕೊಡದಿರುವುದು, ಇವುಗಳಿಂದಲೇ ನಾವು ಮತ್ತೆ ತುಡುವೆಯನ್ನು ಕಂಡದ್ದು. ನೊಸೀಮಾ ಎಂಬ ಕರುಳಿನ ರೋಗದ ವಿಷಯ ಇನ್ನೂ ಸೂಕ್ಷ್ಮವಾದದ್ದು. ನೊಸೀಮಾ ಸೆರಾನೆ ಎಂಬ ಪರಾವಲಂಬಿ ಜೇನಿನ ದೇಹದಲ್ಲಿರುವ ಕಬ್ಬಿಣವನ್ನೇ ಕಸಿದುಕೊಂಡು ಬೆಳೆಯುತ್ತದೆ ಎಂದು ಬೆಲ್ಟ್ಸ್‌ವಿಲ್‌ನ ಸಂಶೋಧಕರು 2021ರಲ್ಲಿ ತೋರಿಸಿದರು; ಕಬ್ಬಿಣವನ್ನು ಸಾಗಿಸುವ ಪ್ರೋಟೀನಿನ ಉತ್ಪಾದನೆಯನ್ನು ತಗ್ಗಿಸಿದಾಗ ಸೋಂಕು ಕಡಿಮೆಯಾಗಿ ನೊಣಗಳು ಹೆಚ್ಚು ದಿನ ಬದುಕಿದವು. ಸೋಂಕಿರುವ ನೊಣದಲ್ಲಿ ಕಬ್ಬಿಣ ಕಡಿಮೆಯಿದೆ ಎಂಬುದನ್ನಷ್ಟೇ ನೋಡಿ ಕಬ್ಬಿಣ ತಿನ್ನಿಸಲು ಹೊರಟರೆ, ಅದು ಜೇನಿಗೆ ಹೋಗುತ್ತದೆಯೋ ರೋಗಾಣುವಿಗೆ ಹೋಗುತ್ತದೆಯೋ ಎಂದು ಕೇಳಲೇಬೇಕಾಗುತ್ತದೆ.

ಹಾಗಾದರೆ ಮಲೆನಾಡಿನ ಮಳೆಗಾಲದಲ್ಲಿ ಖನಿಜದ ಕೊರತೆ ಆಗುವುದೇ ಇಲ್ಲವೇ? ಆಗಬಹುದು, ಆದರೆ ಒಂಟಿಯಾಗಿ ಬರುವುದಿಲ್ಲ. ಪರಾಗ ಕಡಿಮೆಯಾದಾಗ ಪ್ರೋಟೀನು, ಕೊಬ್ಬು, ಜೀವಸತ್ವ, ಖನಿಜ ಎಲ್ಲವೂ ಒಟ್ಟಿಗೆ ಕಡಿಮೆಯಾಗುತ್ತವೆ. ಪೋಲೆಂಡಿನ ಕ್ರಾಕೋವ್‌ನಲ್ಲಿ 2017ರಲ್ಲಿ ನಡೆದ ಅಧ್ಯಯನವೊಂದು, ನೊಣದ ದೇಹ ಕಟ್ಟಲು ಬೇಕಾದ ಧಾತುಗಳನ್ನು ಬೇರೆ ಬೇರೆ ಗಿಡಗಳ ಪರಾಗದಲ್ಲಿರುವ ಧಾತುಗಳೊಡನೆ ತಾಳೆ ನೋಡಿ, ಗಂಧಕ, ತಾಮ್ರ, ರಂಜಕ, ಪೊಟ್ಯಾಸಿಯಂ, ಸತು ಇಂಥವುಗಳಲ್ಲಿ ಯಾವುದಾದರೊಂದು ಕೊರತೆ ಒಂದೇ ಬಗೆಯ ಪರಾಗದಿಂದ ಆಗಬಹುದೆಂದೂ, ಹಲವು ಗಿಡಗಳ ಪರಾಗ ಸೇರಿದಾಗ ಅದು ನೀಗುತ್ತದೆಂದೂ ಕಂಡುಕೊಂಡಿತು. ಕರಾವಳಿಯ ರಬ್ಬರ್ ತೋಟಗಳಲ್ಲಿ ಪೆಟ್ಟಿಗೆ ಇಡುವವರು ಇದನ್ನು ಕಣ್ಣಾರೆ ಕಂಡಿರುತ್ತಾರೆ: ಎಲೆಯ ತೊಟ್ಟಿನಿಂದ ಒಸರುವ ಸಿಹಿಯಿಂದ ತುಪ್ಪ ತುಂಬುತ್ತದೆ, ಆದರೆ ಸುತ್ತ ಬೇರೆ ಹೂವಿಲ್ಲದಿದ್ದರೆ ಪರಾಗವಿಲ್ಲದೆ ಸಂಸಾರ ಕೋಣೆಯಲ್ಲಿ (ಪೆಟ್ಟಿಗೆಯ ಕೆಳಗಿನ, ರಾಣಿ ಮರಿಗಳಿರುವ ಭಾಗದಲ್ಲಿ) ಮರಿ ಕುಗ್ಗುತ್ತದೆ.

ಆದ್ದರಿಂದ ಮೊದಲು ನೋಡಬೇಕಾದದ್ದು ಸಂಸಾರ ಕೋಣೆಯ ಎರಿಯಲ್ಲಿ ಮರಿಯ ಸುತ್ತ ಪರಾಗದ ಪಟ್ಟಿ ಇದೆಯೇ, ಅದರಲ್ಲಿ ಎಷ್ಟು ಬಣ್ಣಗಳಿವೆ ಎಂಬುದನ್ನು. ಮಳೆಯ ನಡುವೆ ಬಿಸಿಲು ಕಂಡ ದಿನ ಬೆಳಿಗ್ಗೆ ಹತ್ತು ನಿಮಿಷ ಪೆಟ್ಟಿಗೆಯ ಮುಂದೆ ಕುಳಿತರೆ, ಕಾಲಿಗೆ ಪರಾಗ ಕಟ್ಟಿಕೊಂಡು ಬರುವ ನೊಣಗಳನ್ನು ಎಣಿಸಬಹುದು. ನಾಚಿಕೆಮುಳ್ಳನ್ನು ಕಳೆಯೆಂದು ಪೂರ್ತಿ ಸವರಿಬಿಡಬೇಡಿ. ಮಳೆಗಾಲದಲ್ಲಿ ತುಡುವೆಗೆ ಪರಾಗ ಕೊಡುವ ಗಿಡಗಳಲ್ಲಿ ಅದು ಮುಖ್ಯವಾದದ್ದು. ಪರಾಗ ತೀರ ಇಲ್ಲದಿದ್ದರೆ ಕೊಬ್ಬು ತೆಗೆದ ಸೋಯಾ ಹಿಟ್ಟು ಮೂರು ಪಾಲು, ಯೀಸ್ಟ್ ಒಂದು ಪಾಲು, ಕೆನೆ ತೆಗೆದ ಹಾಲಿನ ಪುಡಿ ಒಂದು ಪಾಲು ಎಂಬ, ಜೇನಿನ ಆಹಾರದ ಸಂಶೋಧಕ ಹೈಡಾಕ್ ಅವರ ಹಳೆಯ ಮಿಶ್ರಣವನ್ನು ಗಟ್ಟಿ ಸಕ್ಕರೆ ಪಾಕದಲ್ಲಿ ಕಲಸಿ, ನಿಂಬೆಹಣ್ಣಿನ ಗಾತ್ರದ ಉಂಡೆಯನ್ನು ಚಪ್ಪಟೆ ಮಾಡಿ ಚೌಕಟ್ಟುಗಳ ಮೇಲಿಡಿ. ಸೋಯಾ ಹಿಟ್ಟಿನಲ್ಲಿಯೇ ಪೊಟ್ಯಾಸಿಯಂ ಧಾರಾಳವಾಗಿದೆ, ಅದರ ಮೇಲೆ ಖನಿಜ ಪುಡಿ ಸೇರಿಸುವ ಅಗತ್ಯವಿಲ್ಲ. ತುಡುವೆ ಇದನ್ನು ಮೆಲ್ಲಿಫೆರಾದಷ್ಟು ಆಸೆಯಿಂದ ತಿನ್ನುವುದಿಲ್ಲ. ಎರಡು ದಿನದಲ್ಲಿ ಮುಟ್ಟದಿದ್ದರೆ ಬೂಸಲು ಬರುವ ಮೊದಲೇ ತೆಗೆದುಬಿಡಿ.

ಸೋಡಿಯಂ ಮಾತ್ರ ಪರಾಗದಲ್ಲಿ ಕಡಿಮೆ. ಕೊಟ್ಟಿಗೆಯ ಗಂಜಳದ ಕಾಲುವೆಯಲ್ಲಿ, ಗೊಬ್ಬರದ ಗುಂಡಿಯ ಅಂಚಿನಲ್ಲಿ, ಬೆವರಿದ ಕೈಯ ಮೇಲೆ ಜೇನು ಕೂರುವುದನ್ನು ನೀವೂ ನೋಡಿರಬೇಕು. ಜೇನಿಗೆ ಉಪ್ಪಿನ ರುಚಿ ಮುಂಗಾಲಿನಿಂದಲೇ ತಿಳಿಯುತ್ತದೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೊಣಗಳು ಬೇಸಿಗೆಯಲ್ಲಿ ಸೋಡಿಯಂ ಇರುವ ನೀರನ್ನು ಹುಡುಕಿ, ಹೂವು ಕಡಿಮೆಯಾಗುವ ಕಾಲಕ್ಕೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಇರುವ ನೀರಿನ ಕಡೆ ತಿರುಗಿದವು. ಯಾವಾಗ ಏನು ಬೇಕೆಂದು ಅವಕ್ಕೆ ತಿಳಿದಿದೆ. ನಾವು ಮಾಡಬೇಕಾದದ್ದು ಆಯ್ಕೆಯನ್ನು ಅವುಗಳ ಮುಂದಿಡುವುದು. ಪಾಕದಲ್ಲಿ ಬೆರೆಸಿದರೆ ಆ ಆಯ್ಕೆಯೇ ಇಲ್ಲವಾಗುತ್ತದೆ, ಹಸಿದ ಕುಟುಂಬ ಸಕ್ಕರೆಗಾಗಿ ಪುಡಿಯನ್ನೂ ನುಂಗಲೇಬೇಕು. ನಾನು ಮಾಡುವುದು ಇಷ್ಟು: ತೋಟದಲ್ಲಿ ನೆರಳಿರುವ ಕಡೆ ಎರಡು ಮಣ್ಣಿನ ತಟ್ಟೆಗಳನ್ನಿಟ್ಟು, ನೊಣ ಮುಳುಗದಂತೆ ಜಲ್ಲಿಕಲ್ಲು ತುಂಬಿ, ಒಂದರಲ್ಲಿ ಬರಿ ನೀರು, ಇನ್ನೊಂದರಲ್ಲಿ ಲೀಟರಿಗೆ 1 ಗ್ರಾಂ ಕಲ್ಲುಪ್ಪು ಕರಗಿಸಿದ ನೀರು ಇಡುತ್ತೇನೆ. ಫೆಬ್ರವರಿಯಿಂದ ಮೇವರೆಗೆ ಉಪ್ಪಿನ ತಟ್ಟೆಗೆ ಹೆಚ್ಚು ನೊಣ ಬರುತ್ತವೆ. ಮಳೆ ಹಿಡಿದ ಮೇಲೆ ಎರಡನ್ನೂ ಕೇಳುವವರಿಲ್ಲ.

ಇಷ್ಟೆಲ್ಲ ಓದಿದ ಮೇಲೂ ತಂದಿಟ್ಟ ಪುಡಿಯನ್ನು ಪರೀಕ್ಷಿಸಲೇಬೇಕೆನಿಸಿದರೆ ಎಲ್ಲ ಪೆಟ್ಟಿಗೆಗಳಿಗೂ ಹಾಕಬೇಡಿ. ಮರಿಯಿರುವ ಎರಿಗಳ ಸಂಖ್ಯೆ ಮತ್ತು ರಾಣಿಯ ವಯಸ್ಸು ನೋಡಿ ಹದಿನಾರನ್ನು ಎಂಟು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಬರಿ ಪಾಕ, ಒಂದಕ್ಕೆ ಪುಡಿಯ ಪಾಕ ಕೊಡಿ. ಯಾವುದಕ್ಕೆ ಏನೆಂದು ಚೀಟಿಯೆತ್ತಿ ನಿರ್ಧರಿಸಿ. ಆರು ವಾರ ಕಳೆದು, ಅಂದರೆ ಎರಡು ತಲೆಮಾರಿನ ಮರಿ ಹೊರಬಂದ ಮೇಲೆ, ದಾರ ಕಟ್ಟಿ ಇಂಚಿನ ಚೌಕ ಮಾಡಿದ ಚೌಕಟ್ಟನ್ನು ಎರಿಯ ಮೇಲೆ ಹಿಡಿದು ಮುಚ್ಚಿದ ಮರಿಯ ವಿಸ್ತಾರವನ್ನು ಎಣಿಸಿ. ನಾನು ಎರಡು ಮಳೆಗಾಲ ಎಂಟು ಪೆಟ್ಟಿಗೆಗಳಲ್ಲಿ ಹೀಗೆ ಮಾಡಿ ನೋಡಿದಾಗ, ಪುಡಿ ತಿಂದ ಕುಟುಂಬಗಳಿಗೂ ತಿನ್ನದವುಗಳಿಗೂ ವ್ಯತ್ಯಾಸ ಕಾಣಲಿಲ್ಲ. ಎರಡು ವರ್ಷವೂ ಮುಂದಿದ್ದದ್ದು ಹೊಸ ರಾಣಿಯಿದ್ದ ಪೆಟ್ಟಿಗೆಗಳು. ಎಂಟು ಪೆಟ್ಟಿಗೆ ಬಹಳ ಕಡಿಮೆ ಎಂಬುದು ನಿಜ, ಅದಕ್ಕಾಗಿಯೇ ನಿಮ್ಮ ಲೆಕ್ಕವನ್ನೂ ನೋಡಲು ನನಗೆ ಆಸೆಯಿದೆ. ಪರೀಕ್ಷೆಯ ಕಾಲದಲ್ಲಿ ಜೇನು ಕೋಣೆಯನ್ನು (ತುಪ್ಪ ತುಂಬಲು ಮೇಲಿಡುವ ಭಾಗವನ್ನು) ಪೆಟ್ಟಿಗೆಯ ಮೇಲಿಡಬೇಡಿ. ಉಳಿದ ಪಾಕವನ್ನು ನೊಣಗಳು ಎರಿಯಲ್ಲಿ ತುಂಬಿಡುತ್ತವೆ, ಪುಡಿಯೂ ಅದರ ಜೊತೆ ಅಲ್ಲಿಯೇ ಉಳಿಯುತ್ತದೆ. ಮುಂದಿನ ಹೂಕಾಲದ ತುಪ್ಪ ತೆಗೆಯುವಾಗ ಆ ಎರಿಗಳ ಪಾಕ ಅದರಲ್ಲಿ ಸೇರದಂತೆ ಗುರುತು ಹಾಕಿಡಿ.