ಪ್ರತಿಕ್ರಿಯೆ: ಪುಕ್ಕಟೆ ನೆರವಿನಲ್ಲಿ ಅವರಿಗೇನು ಲಾಭ?
ನಮಸ್ಕಾರ. ಗದಗಿನ ನಿಮ್ಮ ಮುದ್ರಣಾಲಯದ ಹಳೆಯ ‘ನುಡಿ’ ತಂತ್ರಾಂಶದ ಕಡತಗಳನ್ನು ಎಲ್ಲ ಕಂಪ್ಯೂಟರ್‌ಗಳಿಗೂ ಸಮಾನವಾದ ಅಕ್ಷರಸಂಕೇತ ಯುನಿಕೋಡ್‌ಗೆ ತರುವಾಗ ಅರ್ಕಾವತ್ತು ಕೆಟ್ಟಿತ್ತು, ಅಪರಿಚಿತ ಪರಿಣತರೊಬ್ಬರು ಪುಕ್ಕಟೆಯಾಗಿ ಸರಿಪಡಿಸಿಕೊಟ್ಟರು. ಇದರಲ್ಲೇನಾದರೂ ಮಸಲತ್ತು ಇದೆಯೇ ಎಂದು ಕೇಳಿದ್ದೀರಿ. ಮಸಲತ್ತು ಏನಿಲ್ಲ. ಹಾಗೆಂದು ಲಾಭವೇ ಇಲ್ಲವೆಂದೂ ಅಲ್ಲ.

ಹುಬ್ಬಳ್ಳಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಾ ನಾನೂ ಹೀಗೆ ಪುಕ್ಕಟೆಯಾಗಿ ಉತ್ತರ ಕೊಡುವವನೇ. ನಿಮ್ಮ ತೊಡಕನ್ನೇ ನೋಡಿ: ಹಳೆಯ ಫಾಂಟಿನಲ್ಲಿ ‘ಧರ್ಮ’ ಎಂದು ಬರೆದರೆ ಅರ್ಕಾವತ್ತು ‘ಮ’ದ ನಂತರ ಕೂರುತ್ತದೆ, ಯುನಿಕೋಡ್‌ನಲ್ಲಿ ‘ರ’ ಮೊದಲು ಬರಬೇಕು. ಇಂಥ ಸೂಕ್ಷ್ಮಗಳು ನಮಗೆ ತಿಳಿಯುವುದು ಹೆಚ್ಚಾಗಿ ಮತ್ತೊಬ್ಬರ ಕೆಟ್ಟ ಕಡತ ಕಣ್ಣಿಗೆ ಬಿದ್ದಾಗಲೇ. ಸಂಶೋಧಕರಾದ ಕರೀಮ್ ಲಖಾನಿ ಮತ್ತು ಎರಿಕ್ ವಾನ್ ಹಿಪ್ಪೆಲ್ ಅವರು ಜಾಲತಾಣಗಳನ್ನು ನಡೆಸುವ ಮುಕ್ತ ತಂತ್ರಾಂಶವಾದ ಅಪಾಚೆ ಸರ್ವರ್‌ನ ಬಳಕೆದಾರರು ಒಬ್ಬರಿಗೊಬ್ಬರು ನೆರವಾಗುವುದನ್ನು ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ: ನೆರವಾಗುವವರ ಬಹುಪಾಲು ವೇಳೆ ಇತರರ ಪ್ರಶ್ನೋತ್ತರ ಓದಿ ಕಲಿಯುವುದಕ್ಕೇ ಹೋಗುತ್ತದೆ, ಗೊತ್ತಿರುವ ಉತ್ತರ ಬರೆಯಲು ಕೆಲವೇ ನಿಮಿಷ ಸಾಕು.

ಹೆಸರಿನ ಆಸೆಯೂ ಇರುತ್ತದೆ. ಕೆಲವರಿಗಂತೂ ತಮಗಿಂತ ತಿಳಿದವರಿಲ್ಲ ಎಂದು ತೋರಿಸುವ ಚಪಲ. ಉತ್ತರ ಸರಿಯಿದ್ದರೆ ಅದನ್ನೂ ಸಹಿಸಿಕೊಳ್ಳಿ.

ಹಣ ಕಳುಹಿಸುವ ಗೋಜಿಗೆ ಹೋಗಬೇಡಿ. ಯಾವ ಕಡತ ಸರಿಹೋಯಿತು, ಯಾವುದು ಇನ್ನೂ ಹಟ ಹಿಡಿದಿದೆ ಎಂದು ಮಾದರಿ ಸಹಿತ ಅವರಿಗೆ ಬರೆದು ತಿಳಿಸಿ.