ಅಮೆರಿಕದ ವ್ಯಾಕ್ಯೂಮ್ ಕ್ಲೀನರ್ ಚೀನಾದಲ್ಲಿ ತಯಾರಾಗೋದು ಯಾಕೆ?

ನಿಮ್ಮ ಅಕ್ಕ ಅಮೆರಿಕದಲ್ಲಿ ಹೂವರ್ ಕಂಪನಿಯ ವ್ಯಾಕ್ಯೂಮ್ ಕ್ಲೀನರ್ ಕೊಂಡಿದ್ದಾರೆ, ತಿರುಗಿಸಿ ನೋಡಿದರೆ ‘ಮೇಡ್ ಇನ್ ಚೀನಾ’ ಅಂತಿದೆ, ಇದಕ್ಕೆ ಕಾರಣ ಬರೀ ಕೂಲಿನಾ ಅಂತ ಕೇಳಿದ್ದೀರಿ. ಕೂಲಿ ಒಂದು ಕಾರಣ ಹೌದು. ಆದರೆ ಅಲ್ಲಿಗೇ ನಿಲ್ಲಿಸಿದರೆ ಅರ್ಧ ಉತ್ತರ ಆಗುತ್ತದೆ.

ನಾನು ಬೆಂಗಳೂರಿನಲ್ಲಿ ಟೂಲ್ ಅಂಡ್ ಡೈ, ಅಂದರೆ ಅಚ್ಚು ಮಾಡುವ ಕೆಲಸ, ಕಲಿತವನು. 2001ರಲ್ಲಿ ಒಹಾಯೋ ರಾಜ್ಯಕ್ಕೆ ಬಂದೆ. ಪ್ಲಾಸ್ಟಿಕ್ ಭಾಗಗಳಿಗೆ ಅಚ್ಚು ಮಾಡುವ ಸಣ್ಣ ಶಾಪಿನಲ್ಲಿ ಕೆಲಸ. ಮನೆ ಮಾಡಿದ್ದು ಕ್ಯಾಂಟನ್ ಊರಿನ ಹತ್ತಿರ. ಹೂವರ್ ಹುಟ್ಟಿದ್ದು ಇಲ್ಲೇ. ಅದರ ದೊಡ್ಡ ಕಾರ್ಖಾನೆ ಮುಚ್ಚಿದ್ದನ್ನೂ ನಾನು ಇಲ್ಲೇ ಇದ್ದು ನೋಡಿದೆ.

ಮೊದಲು ಹಳೆಯ ಕಥೆ ಸ್ವಲ್ಪ. ದೂಳು ಎಳೆಯುವ ಯಂತ್ರ ಮೊದಲೇ ಇತ್ತು. 1901ರಲ್ಲೇ ಲಂಡನ್ನಿನಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ಒಂದನ್ನು ಮಾಡಿದ್ದರು. ಆದರೆ ಅದು ಎಷ್ಟು ದೊಡ್ಡದೆಂದರೆ ಕುದುರೆ ಗಾಡಿಯಲ್ಲಿ ತಂದು ಮನೆ ಮುಂದೆ ನಿಲ್ಲಿಸಿ, ಕಿಟಕಿಯಿಂದ ಪೈಪು ಒಳಗೆ ಬಿಡಬೇಕಿತ್ತು. ಮನೆಯವರೇ ಕೈಯಲ್ಲಿ ಹಿಡಿದು ತಳ್ಳುವ ಯಂತ್ರ ಮಾಡಿದ್ದು ಕ್ಯಾಂಟನ್ನಿನ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಒಂದು ದೊಡ್ಡ ಅಂಗಡಿಯಲ್ಲಿ ರಾತ್ರಿ ಹೊತ್ತು ನೆಲ ಗುಡಿಸುವ ಕೆಲಸ ಅವರದು. ಉಬ್ಬಸ ಇತ್ತು. ಗುಡಿಸಿದಾಗ ಏಳುವ ದೂಳಿಗೆ ಉಸಿರು ಕಟ್ಟುತ್ತಿತ್ತು. ಫ್ಯಾನಿನ ಮೋಟಾರು, ಸೋಪಿನ ಪೆಟ್ಟಿಗೆ, ಪೊರಕೆ ಕೋಲು, ದಿಂಬಿನ ಗವಸು, ಇವನ್ನು ಜೋಡಿಸಿ ತಮಗಾಗಿ ಒಂದು ಯಂತ್ರ ಮಾಡಿಕೊಂಡರು. 1908ರ ಜೂನ್‌ನಲ್ಲಿ ಪೇಟೆಂಟ್ ಸಿಕ್ಕಿತು. ದೊಡ್ಡದಾಗಿ ಮಾಡಲು ಕೈಯಲ್ಲಿ ದುಡ್ಡಿರಲಿಲ್ಲ. ಪಕ್ಕದ ಊರಿನ ಡಬ್ಲ್ಯು. ಎಚ್. ಹೂವರ್ ಅವರಿಗೆ ಹಕ್ಕು ಕೊಟ್ಟರು. ಹೂವರ್ ಅವರದು ಕುದುರೆಗೆ ಬೇಕಾದ ಚರ್ಮದ ಸಾಮಾನಿನ ವ್ಯಾಪಾರ. ಕಾರುಗಳು ಬರುತ್ತಿದ್ದ ಕಾಲ, ಅವರಿಗೂ ಬೇರೆ ಕಸುಬು ಬೇಕಿತ್ತು. ಆ ಊರಿಗೆ ಆಗ ನ್ಯೂ ಬರ್ಲಿನ್ ಅಂತ ಹೆಸರು. ಜರ್ಮನಿಯ ಜೊತೆ ಯುದ್ಧ ನಡೆಯುತ್ತಿದ್ದ 1918ರಲ್ಲಿ ನಾರ್ತ್ ಕ್ಯಾಂಟನ್ ಅಂತ ಬದಲಾಯಿಸಿದರು. ಮುಂದೆ ಹೂವರ್ ಎಷ್ಟು ಬೆಳೆಯಿತೆಂದರೆ ಬ್ರಿಟನ್ನಿನಲ್ಲಿ ಇವತ್ತಿಗೂ ಜನ ‘ಹೂವರ್ ಮಾಡು’ ಅಂತಾರೆ, ಯಾವ ಕಂಪನಿಯ ಯಂತ್ರ ಆದರೂ ಸರಿ.

ಇಂಥ ಕಂಪನಿ ಹೋಗಿದ್ದು ಹೇಗೆ? ಮೊದಲು ಒಡೆತನ ಹೋಯಿತು. 1985ರಲ್ಲಿ ಚಿಕಾಗೋ ಪೆಸಿಫಿಕ್ ಕಂಪನಿಯ ಕೈಗೆ, 1989ರಲ್ಲಿ ವಾಷಿಂಗ್ ಮಷೀನು ಮಾಡುವ ಮೇಟ್ಯಾಗ್ ಕೈಗೆ. 2006ರಲ್ಲಿ ಮೇಟ್ಯಾಗನ್ನೇ ವರ್ಲ್‌ಪೂಲ್ ಕೊಂಡಿತು. ವರ್ಲ್‌ಪೂಲ್‌ಗೆ ಬೇಕಿದ್ದದ್ದು ವಾಷಿಂಗ್ ಮಷೀನು, ಫ್ರಿಜ್ಜು. ಹೂವರನ್ನು 2007ರ ಶುರುವಿನಲ್ಲಿ 10.7 ಕೋಟಿ ಡಾಲರಿಗೆ ಹಾಂಗ್‌ಕಾಂಗ್‌ನ ಟಿಟಿಐ ಕಂಪನಿಗೆ ಮಾರಿತು. ಟಿಟಿಐಗೆ ದಕ್ಷಿಣ ಚೀನಾದಲ್ಲಿ ಆಗಲೇ ದೊಡ್ಡ ಕಾರ್ಖಾನೆಗಳಿದ್ದವು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಾರ್ತ್ ಕ್ಯಾಂಟನ್ ಕಾರ್ಖಾನೆ ಮುಚ್ಚಿತು. ಹಿಂದೆ ಸಾವಿರಾರು ಜನ ದುಡಿಯುತ್ತಿದ್ದ ಜಾಗದಲ್ಲಿ ಕೊನೆಗೆ ಉಳಿದಿದ್ದವರು ಸುಮಾರು 800 ಜನ.

ಆದರೆ ನನ್ನ ಲೆಕ್ಕದಲ್ಲಿ ಕಾರ್ಖಾನೆ ಊರು ಬಿಡಲು ಶುರು ಮಾಡಿದ್ದು 2007ರಲ್ಲಲ್ಲ. ಅಚ್ಚುಗಳು ಹೋದಾಗಲೇ ಅದೂ ಹೊರಟಿತ್ತು.

ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಪೇಪರಿನಲ್ಲಿ ಇದು ಬರುವುದಿಲ್ಲ. ವ್ಯಾಕ್ಯೂಮ್ ಕ್ಲೀನರ್ ಬಿಚ್ಚಿದರೆ ಏನಿರುತ್ತದೆ? ಮೋಟಾರು, ಬೆಲ್ಟು, ಬ್ರಷ್ ರೋಲರ್, ವೈರು. ಮಿಕ್ಕಿದ್ದೆಲ್ಲ ಪ್ಲಾಸ್ಟಿಕ್. ಒಂದೊಂದು ಪ್ಲಾಸ್ಟಿಕ್ ಭಾಗಕ್ಕೂ ಉಕ್ಕಿನ ಅಚ್ಚು ಬೇಕು. ಒಂದು ಮಾಡೆಲ್‌ಗೆ ಹತ್ತಾರು ಅಚ್ಚು. ಕೊರೆದು, ಪಾಲಿಶ್ ಮಾಡಿ, ಟ್ರಯಲ್ ಹೊಡೆದು, ತಿದ್ದಿ ಮುಗಿಸಲು ತಿಂಗಳುಗಳು ಬೇಕು. ನಾನು ಬಂದ ಒಂದೆರಡು ವರ್ಷದಲ್ಲೇ ನಮ್ಮ ಶಾಪಿಗೆ ಬರುವ ಆರ್ಡರ್ ಇಳಿಯತೊಡಗಿತು. ನಾವು ಹೇಳಿದ ಬೆಲೆಯ ಅರ್ಧಕ್ಕೆ ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಮಾಡಿ ಕೊಡುತ್ತಿದ್ದರು. ಕೆಲಸವೂ ಕಳಪೆಯಾಗಿರಲಿಲ್ಲ. ಇದನ್ನು ನಾನು ಒಪ್ಪಲೇಬೇಕು, ಅಲ್ಲಿಂದ ಬಂದ ಅಚ್ಚುಗಳನ್ನು ನನ್ನ ಕೈಯಾರೆ ಮುಟ್ಟಿ ನೋಡಿದ್ದೇನೆ.

ಈಗ ಮುಂದಿನ ಹೆಜ್ಜೆ ನೋಡಿ. ಅಚ್ಚು ಅಲ್ಲೇ ಇದ್ದಾಗ ಭಾಗಗಳನ್ನೂ ಅಲ್ಲೇ ಮಾಡಿಸುತ್ತಾರೆ. ದೂಳು ತುಂಬುವ ಡಬ್ಬ, ಮೇಲಿನ ಮುಚ್ಚಳ, ಇವೆಲ್ಲ ಒಳಗೆ ಖಾಲಿ. ಇವನ್ನು ಬಿಡಿಬಿಡಿಯಾಗಿ ಹಡಗಿಗೆ ಹಾಕಿದರೆ ಕಂಟೇನರ್ ತುಂಬಾ ಗಾಳಿ ಕಳಿಸಿದ ಹಾಗೆ. ಅಲ್ಲೇ ಮೋಟಾರು ಸೇರಿಸಿ, ಜೋಡಿಸಿ, ಡಬ್ಬದಲ್ಲಿಟ್ಟು ಕಳಿಸಿದರೆ ಲಾಭ. ಮೋಟಾರು ಮಾಡುವವರು, ವೈರು ಮಾಡುವವರು ಕೂಡ ಅಲ್ಲೇ ಸುತ್ತಮುತ್ತ ಬಂದು ನೆಲೆಸುತ್ತಾರೆ. ಆಮೇಲೆ ಇಲ್ಲಿ ಕಾರ್ಖಾನೆ ನಡೆಸುವವರು ಕೂಲಿ ಕಮ್ಮಿ ಮಾಡಿದರೂ ಸಾಲುವುದಿಲ್ಲ. ಒಂದು ಸ್ಕ್ರೂ ಬಾಸ್, ಅಂದರೆ ಪ್ಲಾಸ್ಟಿಕ್ಕಿನಲ್ಲಿ ಸ್ಕ್ರೂ ಕೂರುವ ಗುಬ್ಬಿ, ಅರ್ಧ ಮಿಲಿಮೀಟರ್ ಸರಿಸಬೇಕು ಅಂದರೆ ಅಲ್ಲಿ ಮಧ್ಯಾಹ್ನದೊಳಗೆ ಆಗುತ್ತದೆ. ಇಲ್ಲಿ ಆ ಕೆಲಸ ಗೊತ್ತಿದ್ದವರು ಬೇರೆ ಬೇರೆ ಕಡೆ ಚದುರಿ ಹೋಗಿರುತ್ತಾರೆ.

ಬ್ರಿಟನ್ನಿನಲ್ಲೂ ಹೀಗೇ ಆಯಿತು. 2002ರಲ್ಲಿ ಡೈಸನ್ ಕಂಪನಿ ಮಾಮ್ಸ್‌ಬರಿ ಊರಿನಿಂದ ವ್ಯಾಕ್ಯೂಮ್ ಕ್ಲೀನರ್ ತಯಾರಿಕೆಯನ್ನು ಮಲೇಷ್ಯಾಕ್ಕೆ ಒಯ್ದಿತು. ಮಾಮ್ಸ್‌ಬರಿಯಲ್ಲೂ ಸುಮಾರು 800 ಕೆಲಸ ಹೋಯಿತು. ಕಂಪನಿ ಕೊಟ್ಟ ಕಾರಣಗಳಲ್ಲಿ ಖರ್ಚು ಒಂದು. ಕಾರ್ಖಾನೆ ದೊಡ್ಡದು ಮಾಡಲು ಅನುಮತಿ ಸಿಗಲಿಲ್ಲ ಅನ್ನುವುದು ಇನ್ನೊಂದು. ಬಿಡಿಭಾಗ ಕೊಡುವವರು ಪೂರ್ವ ಏಷ್ಯಾ ಕಡೆ ಇದ್ದಾರೆ ಅನ್ನುವುದು ಮೂರನೆಯದು. ನನಗೆ ಮೂರನೆಯದೇ ಮುಖ್ಯ ಅನಿಸುತ್ತದೆ. ಹೊಸ ಮಾದರಿ ಯೋಚಿಸುವ ಎಂಜಿನಿಯರುಗಳು ಮಾತ್ರ ಮಾಮ್ಸ್‌ಬರಿಯಲ್ಲೇ ಉಳಿದರು.

ಈಗ ವೈರಿಲ್ಲದ ಮಾಡೆಲ್‌ಗಳ ಕಾಲ. 2018ರಲ್ಲಿ ಡೈಸನ್ ಇನ್ನು ಮುಂದೆ ವೈರಿರುವ ಹೊಸ ಮಾಡೆಲ್ ಮಾಡುವುದಿಲ್ಲ ಅಂತಲೇ ಹೇಳಿಬಿಟ್ಟಿತು. ವೈರು ಹೋದರೆ ಬ್ಯಾಟರಿ ಬರಬೇಕು. ಲಿಥಿಯಂ ಸೆಲ್ಲು, ಸಣ್ಣ ಮೋಟಾರಿಗೆ ಬೇಕಾದ ಶಕ್ತಿಶಾಲಿ ಅಯಸ್ಕಾಂತ, ಎರಡೂ ಹೆಚ್ಚಾಗಿ ಬರುವುದು ಪೂರ್ವ ಏಷ್ಯಾದಿಂದ. ಅಂದರೆ ವಾಪಸ್ ಬರುವ ದಾರಿ ಇನ್ನೂ ಕಷ್ಟವಾಯಿತು. ಅಮೆರಿಕ 2018ರಿಂದ ಚೀನಾ ಸಾಮಾನಿಗೆ ಸುಂಕ ಹಾಕಿತಲ್ಲ, ಆಗಲೂ ಕಂಪನಿಗಳು ಕೆಲಸವನ್ನು ವಿಯೆಟ್ನಾಂ, ಥಾಯ್ಲೆಂಡ್ ಕಡೆಗೆ ಸರಿಸಿದವು. ನಾರ್ತ್ ಕ್ಯಾಂಟನ್‌ಗೆ ಯಾರೂ ಬರಲಿಲ್ಲ.

ಹಾಗಂತ ಎಲ್ಲರೂ ಹೋಗಲಿಲ್ಲ. ಇಂಗ್ಲೆಂಡಿನ ಸಾಮರ್ಸೆಟ್‌ನ ಚಾರ್ಡ್ ಊರಿನಲ್ಲಿ ನ್ಯೂಮ್ಯಾಟಿಕ್ ಕಂಪನಿ ನಗುಮುಖದ ಕೆಂಪು ‘ಹೆನ್ರಿ’ಯನ್ನು ಇವತ್ತಿಗೂ ಮಾಡುತ್ತದೆ. ನಮ್ಮ ಒಹಾಯೋದ ಕ್ಲೀವ್‌ಲ್ಯಾಂಡಿನ ಕರ್ಬಿ ಕೂಡ ಅಮೆರಿಕದಲ್ಲೇ ತಯಾರಾಗುತ್ತದೆ. ಮೈಯೆಲ್ಲ ಲೋಹ, ಬೆಲೆ ಜಾಸ್ತಿ, ಮನೆ ಬಾಗಿಲಿಗೆ ಬಂದು ಮಾರುತ್ತಾರೆ. ನಮ್ಮ ಕಡೆ ಯುರೇಕಾ ಫೋರ್ಬ್ಸ್‌ನವರು ಟೈ ಕಟ್ಟಿಕೊಂಡು ಮನೆಗೆ ಬಂದು ಜಮಖಾನದ ಮೇಲೆ ಓಡಿಸಿ ತೋರಿಸುತ್ತಿದ್ದರಲ್ವಾ, ಹಾಗೆ. ಇವೆರಡೂ ವರ್ಷಾನುಗಟ್ಟಲೆ ಬಾಳುತ್ತವೆ, ಕೆಟ್ಟರೆ ಬಿಚ್ಚಿ ರಿಪೇರಿ ಮಾಡಬಹುದು. ಐವತ್ತು ಅರವತ್ತು ಡಾಲರಿನ ಯಂತ್ರದ ಜೊತೆ ಪೈಪೋಟಿಗೆ ಇಳಿಯದೇ ಇದ್ದದ್ದರಿಂದ ಇವು ಉಳಿದವು ಅಂತ ನನ್ನ ಅಭಿಪ್ರಾಯ.

ನಮ್ಮ ಪಕ್ಕದ ಮನೆಯ ಹಿರಿಯರು ಹೂವರ್ ಮೋಟಾರ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದವರು. ಒಮ್ಮೆ ನಮ್ಮ ಮನೆಯ ಯಂತ್ರ ಆನ್ ಮಾಡಿದಾಗ ಬೇಲಿಯಾಚೆಯಿಂದಲೇ ‘ಹಿಂದಿನ ಬೇರಿಂಗ್ ಹೋಗಿದೆ’ ಅಂದರು. ಬಿಚ್ಚಿ ನೋಡಿದರೆ ಹಾಗೇ ಇತ್ತು. ಆ ಕಿವಿ ತಯಾರಾಗಲು ಮೂವತ್ತು ವರ್ಷ ಬೇಕಾಯಿತು. ಅವರಿಂದ ಕಲಿಯಲು ಈಗ ಇಲ್ಲಿ ಹುಡುಗರಿಲ್ಲ. ನನಗೆ ಬೇಜಾರಾಗುವುದು ಇದಕ್ಕೇ.

ನಿಮ್ಮ ಅಕ್ಕ ಆ ಯಂತ್ರವನ್ನು ಧೈರ್ಯವಾಗಿ ಬಳಸಲಿ, ಚೀನಾದ್ದು ಅಂತ ಕೆಟ್ಟದ್ದೇನಲ್ಲ. ರೋಲರ್‌ಗೆ ಸುತ್ತಿಕೊಂಡ ಕೂದಲನ್ನು ತಿಂಗಳಿಗೊಮ್ಮೆ ಕತ್ತರಿಸಿ ತೆಗೆಯಲಿ. ಬೆಲ್ಟು ಸಡಿಲವಾದರೆ ಹೊಸದು ಹಾಕಲಿ, ಕೆಲವೇ ಡಾಲರ್ ಅಷ್ಟೆ.